ಮೀನಿಗೊಂದು ಹದ, ಪಾಕಕ್ಕೊಂದು ಹದ

ಮೈಸೂರುಪಾಕು ಕಲ್ಲಾಯಿತೆಂದರೆ ದೂರು ಕಡಲೆಹಿಟ್ಟಿನ ಮೇಲಾಗಲಿ ತುಪ್ಪದ ಮೇಲಾಗಲಿ ಹೋಗುವುದಿಲ್ಲ, ನೇರವಾಗಿ ಪಾಕದ ಮೇಲೆ ಹೋಗುತ್ತದೆ. ಕನ್ನಡನಾಡಿನ ಅಡುಗೆಮನೆಗಳಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎರಡು ಬೆರಳುಗಳ ನಡುವೆ ಪಾಕ ಹಿಡಿದು, ಎಳೆ ಬಂತೇ ಇಲ್ಲವೇ ಎಂದು ನೋಡುವವರಿಗೆ ಥರ್ಮಾಮೀಟರಿನ ಹಂಗಿಲ್ಲ. ಮೀನಿನ ಹದವೂ ಹಾಗೆಯೇ. ಕಾವಲಿಯ ಮೇಲಿನ ಬಂಗುಡೆಯನ್ನು ಯಾವಾಗ ಮಗುಚಬೇಕೆಂಬುದನ್ನು ಕರಾವಳಿಯ ಹೆಂಗಸರು ಎಣ್ಣೆಯ ಸದ್ದು ಕೇಳಿಯೇ ಹೇಳಬಲ್ಲರು. ಆದರೆ ಈ ಎರಡು ಹದಗಳೂ ಒಂದೇ ತಟ್ಟೆಯಲ್ಲಿ, ಒಂದೇ ಗಳಿಗೆಯಲ್ಲಿ ಕೂಡಿಬರಬೇಕಾದ ಅಡುಗೆಯೊಂದಿದೆ. ಅದೇ ಓವನ್ನಿನಲ್ಲಿ ಬೇಯಿಸಿ, ಮೇಲೆ ಪಾಕದ ಹೊಳಪು ಕೊಟ್ಟ ಸಾಲ್ಮನ್ ಮೀನು.

ಅಮೆರಿಕ, ಕೆನಡಾ, ಬ್ರಿಟನ್ನಿನ ಮನೆಗಳಲ್ಲಿ ಇದು ಹಬ್ಬದ ಅಡುಗೆಯೇನೂ ಅಲ್ಲ. ಕೆಲಸ ಮುಗಿಸಿ ಬಂದವರು ಅರ್ಧ ಗಂಟೆಯಲ್ಲಿ ಮಾಡಿ ಉಣ್ಣುವ ವಾರದ ನಡುವಿನ ರಾತ್ರಿಯೂಟ. ಮಂಗಳೂರು, ಉಡುಪಿ, ಕುಂದಾಪುರ, ಕಾರವಾರಗಳಿಂದ ಹೋಗಿ ಅಲ್ಲಿ ನೆಲೆಸಿದವರ ಮನೆಗಳಿಗೂ ಇದು ಕಾಲಿಟ್ಟಿದೆ. ಅದಕ್ಕೆ ರುಚಿಯೊಂದೇ ಕಾರಣವಲ್ಲ. ಬಾಡಿಗೆಯ ಅಪಾರ್ಟ್‌ಮೆಂಟಿನಲ್ಲಿ ಮಸಾಲೆ ಮೆತ್ತಿದ ಬಂಗುಡೆಯನ್ನು ಕಾವಲಿಗೆ ಹಾಕಿದರೆ ಸಾಕು, ಛಾವಣಿಯಲ್ಲಿರುವ ಹೊಗೆಯ ಗಂಟೆ ಬೊಬ್ಬೆ ಹೊಡೆಯುತ್ತದೆ. ವಾಸನೆ ಪರದೆಗಳಿಗೆ, ಕೋಟುಗಳಿಗೆ ಅಂಟಿಕೊಳ್ಳುತ್ತದೆ. ಮರುದಿನ ಲಿಫ್ಟಿನಲ್ಲಿ ಸಿಕ್ಕ ನೆರೆಯವರ ಮುಖ ಬಿಗಿದಿರುತ್ತದೆ. ಓವನ್ನಿನ ಬಾಗಿಲು ಮುಚ್ಚಿದರೆ ಈ ರಗಳೆಯಲ್ಲಿ ಬಹುಪಾಲು ಒಳಗೇ ಉಳಿಯುತ್ತದೆ. ಮೀನಿಲ್ಲದೆ ಊಟ ಸೇರದವರಿಗೆ ಅಷ್ಟು ಸಾಕಲ್ಲ!

ಆದರೆ ಇಷ್ಟು ಸುಲಭವೆಂದು ಹೆಸರಾದ ಅಡುಗೆ ಕೆಡುವುದೂ ಅಷ್ಟೇ ಸುಲಭ. ಕೆಟ್ಟಾಗ ಅದು ಮೂರು ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮೊದಲನೆಯದರಲ್ಲಿ ಪಾಕ ಸೀದು ಕಪ್ಪಾಗಿರುತ್ತದೆ, ಕೆಳಗಿನ ಮೀನು ಇನ್ನೂ ತಣ್ಣಗಿರುತ್ತದೆ. ಎರಡನೆಯದರಲ್ಲಿ ಪಾಕವೆಲ್ಲ ನೀರಾಗಿ ತಟ್ಟೆಗೆ ಹರಿದುಹೋಗಿ ಮೀನು ಬೋಳಾಗಿ ಕುಳಿತಿರುತ್ತದೆ. ಮೂರನೆಯದು ಎಲ್ಲಕ್ಕಿಂತ ಹೆಚ್ಚಾಗಿ ಆಗುವಂಥದು: ಮೇಲೆ ಒಳ್ಳೆಯ ಹೊಳಪು, ಒಳಗೆ ಮಾತ್ರ ಹತ್ತಿಯಂತೆ ಒಣಗಿದ ಮಾಂಸ, ಪಕ್ಕದಲ್ಲೆಲ್ಲ ಒಡೆದ ಹಾಲಿನಂಥ ಬಿಳಿಯ ಗಡ್ಡೆ. ಸಾಲ್ಮನ್ ಅಗ್ಗದ ಮೀನಲ್ಲ. ಹೀಗೆ ಎರಡು ಸಲ ಆದರೆ ಮನೆಮಂದಿ 'ಈ ಮೀನಿನಲ್ಲಿ ಏನಿದೆ?' ಎಂದು ಅದರ ತಂಟೆಯನ್ನೇ ಬಿಟ್ಟುಬಿಡುತ್ತಾರೆ. ತಪ್ಪು ಮೀನಿನದಲ್ಲ. ಪಾಕಕ್ಕೆ ಬೇಕಾದ ಹೊತ್ತನ್ನೂ ಮೀನಿಗೆ ಬೇಕಾದ ಹೊತ್ತನ್ನೂ ಒಂದೇ ಎಂದುಕೊಂಡದ್ದರಿಂದ ಆದ ಎಡವಟ್ಟು ಅದು.

ಯಾವ ಸಾಲ್ಮನ್?

ಸಾಲ್ಮನ್ ಎಂಬುದು ಒಂದೇ ಮೀನಿನ ಹೆಸರಲ್ಲ. ಅಟ್ಲಾಂಟಿಕ್ ಸಾಗರದ್ದು ಒಂದು ಜಾತಿ. ಪೆಸಿಫಿಕ್ ಸಾಗರದ ಅಮೆರಿಕದ ದಡದಲ್ಲಿ ಕಿಂಗ್, ಸಾಕೈ, ಕೋಹೋ, ಪಿಂಕ್, ಚಮ್ ಎಂದು ಐದು ಜಾತಿಗಳು. ಇವು ಸಿಹಿನೀರಿನ ಹೊಳೆಗಳಲ್ಲಿ ಹುಟ್ಟುತ್ತವೆ, ಸಮುದ್ರಕ್ಕಿಳಿದು ಬೆಳೆಯುತ್ತವೆ, ಮೊಟ್ಟೆಯಿಡುವ ಕಾಲಕ್ಕೆ ಹುಟ್ಟಿದ ಹೊಳೆಯನ್ನೇ ಹುಡುಕಿಕೊಂಡು ಪ್ರವಾಹಕ್ಕೆದುರಾಗಿ ಏರುತ್ತವೆ. ಆ ಪ್ರಯಾಣದಲ್ಲಿ ಹೊಟ್ಟೆಗೆ ಆಹಾರವಿಲ್ಲ. ಅದಕ್ಕೆಂದೇ ಮೈಯಲ್ಲಿ ಕೊಬ್ಬು ಕೂಡಿಟ್ಟುಕೊಂಡಿರುತ್ತವೆ. ಸಾಲ್ಮನ್ನಿನ ರುಚಿಯೆಂದು ಜನ ಮೆಚ್ಚುವುದು ಬಹುಮಟ್ಟಿಗೆ ಈ ಕೊಬ್ಬಿನ ರುಚಿಯನ್ನು.

ಅಂಗಡಿಯ ಚೀಟಿಯಲ್ಲಿ 'ಅಟ್ಲಾಂಟಿಕ್' ಎಂದಿದ್ದರೆ ಅದು ಹೆಚ್ಚುಕಡಿಮೆ ಸಾಕಿದ ಮೀನೇ ಸರಿ. 1970ರಲ್ಲಿ ನಾರ್ವೆಯ ಹಿತ್ರಾ ದ್ವೀಪದಲ್ಲಿ ಗ್ರೋಂಟ್ವೆಟ್ ಸಹೋದರರು ಸಮುದ್ರದಲ್ಲಿ ತೇಲುವ ಬಲೆಯ ಪಂಜರ ಕಟ್ಟಿ ಸಾಲ್ಮನ್ ಸಾಕಿ ಗೆದ್ದರು. ಅಲ್ಲಿಂದ ಬೆಳೆದ ಉದ್ಯಮ ಇಂದು ನಾರ್ವೆ, ಚಿಲಿ, ಸ್ಕಾಟ್ಲೆಂಡ್, ಕೆನಡಾಗಳ ಕಡಲಂಚಿನಲ್ಲಿ ಹಬ್ಬಿದೆ. ಅಲಾಸ್ಕಾದಲ್ಲಿ ಮಾತ್ರ 1990ರಿಂದ ಇಂಥ ಸಾಕಣೆಗೆ ಕಾನೂನಿನ ನಿಷೇಧವಿದೆ. ಅಲ್ಲಿಂದ ಬಂದ ಸಾಲ್ಮನ್ ಸಮುದ್ರದಲ್ಲಿ ಮೇದು ಬೆಳೆದು ಬಲೆಗೆ ಬಿದ್ದದ್ದು.

ಬಣ್ಣ ನೋಡಿ ಮೀನನ್ನು ಅಳೆಯಲು ಹೋಗುವವರಿಗೆ ಒಂದು ಮಾತು. ಕಾಡು ಸಾಲ್ಮನ್ನಿಗೆ ಕೇಸರಿ ಕೆಂಪು ಬರುವುದು ಅದು ತಿನ್ನುವ ಸೀಗಡಿಯಂಥ ಸಣ್ಣ ಜೀವಿಗಳಿಂದ. ಅವುಗಳಲ್ಲಿರುವ ಅಸ್ಟಾಕ್ಸಾಂಥಿನ್ ಎಂಬ ವಸ್ತುವೇ ಸೀಗಡಿ ಬೆಂದಾಗ ಕೆಂಪಾಗುವುದಕ್ಕೂ ಕಾರಣ. ಸಾಕಿದ ಮೀನಿಗೆ ಅದೇ ವಸ್ತುವನ್ನು ಮೇವಿನಲ್ಲಿ ಬೆರೆಸಿ ಕೊಡುತ್ತಾರೆ. ಆದ್ದರಿಂದ ಕೆಂಪು ಹೆಚ್ಚಿದ್ದ ಮಾತ್ರಕ್ಕೆ ಮೀನು ತಾಜಾ ಎನ್ನುವಂತಿಲ್ಲ. ತಾಜಾತನವನ್ನು ಮೂಗು ಹೇಳಬೇಕು, ಬೆರಳು ಹೇಳಬೇಕು. ಒತ್ತಿದ ಗುಳಿ ಮತ್ತೆ ಮೇಲೇಳಬೇಕು. ಈ ಪರೀಕ್ಷೆ ಮಲ್ಪೆಯ ಬಂದರಿಗೂ ಸಿಯಾಟಲ್ಲಿನ ಸಂತೆಗೂ ಒಂದೇ.

ಅಡುಗೆಗೆ ಸಂಬಂಧಪಟ್ಟ ವ್ಯತ್ಯಾಸ ಕೊಬ್ಬಿನದು. ಸಾಕಿದ ಅಟ್ಲಾಂಟಿಕ್ ಮತ್ತು ಕಿಂಗ್ ಸಾಲ್ಮನ್ನುಗಳಲ್ಲಿ ಕೊಬ್ಬು ಧಾರಾಳ. ಒಂದೆರಡು ನಿಮಿಷ ಹೆಚ್ಚಾದರೂ ಅವು ಕ್ಷಮಿಸುತ್ತವೆ. ಸಾಕೈ ಕಡುಗೆಂಪಾಗಿ ಚೆಂದ ಕಂಡರೂ ಕೊಬ್ಬು ಕಡಿಮೆ, ದಪ್ಪವೂ ಕಡಿಮೆ. ಅದಕ್ಕೆ ಕ್ಷಮೆ ಗೊತ್ತಿಲ್ಲ. ಹೊಸದಾಗಿ ಕಲಿಯುವವರು ಕೊಬ್ಬಿನ ಮೀನಿನಿಂದ ಆರಂಭಿಸುವುದು ಲೇಸು. ಕೊಳ್ಳುವಾಗ ನಡುಭಾಗದ, ಎಲ್ಲ ಕಡೆ ಸಮ ದಪ್ಪವಿರುವ, ಚರ್ಮ ಸಮೇತದ ತುಂಡುಗಳನ್ನು ಕೇಳಿ ಪಡೆಯಬೇಕು. ಬೆರಳನ್ನು ಮಾಂಸದ ಮೇಲೆ ಹಿಮ್ಮುಖವಾಗಿ ಆಡಿಸಿದರೆ ಅಡಗಿದ ಸಣ್ಣ ಮುಳ್ಳುಗಳು ಚುಚ್ಚುತ್ತವೆ. ಅವನ್ನು ಚಿಮುಟದಲ್ಲಿ ಹಿಡಿದು, ಅವು ವಾಲಿದ ದಿಕ್ಕಿಗೇ ಎಳೆದರೆ ಮಾಂಸ ಹರಿಯುವುದಿಲ್ಲ.

ಬೇಗ ಬೇಯುವ ಮಾಂಸ

ಕುರಿಯೋ ಕೋಳಿಯೋ ತನ್ನ ಭಾರವನ್ನು ಕಾಲುಗಳ ಮೇಲೆ ಹೊತ್ತು ತಿರುಗಬೇಕು. ಮೀನಿಗೆ ಆ ಕಷ್ಟವಿಲ್ಲ, ಅದರ ಭಾರವನ್ನು ನೀರು ಹೊರುತ್ತದೆ. ಆದ್ದರಿಂದ ಮೀನಿನ ಮಾಂಸವನ್ನು ಹಿಡಿದಿಡುವ ಅಂಟಿನಂಥ ಕೊಲಾಜೆನ್ ಬಹಳ ಕಡಿಮೆ, ಇರುವುದೂ ನಾಜೂಕು. ಕುರಿಮಾಂಸದ ಕೊಲಾಜೆನ್ ಕರಗಲು ಗಂಟೆಗಟ್ಟಲೆ ಕುದಿಸಬೇಕಾದರೆ ಮೀನಿನದು 50-55 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಕರಗತೊಡಗುತ್ತದೆ. ಅದು ಕರಗಿದಾಗ ಮಾಂಸ ಎಸಳೆಸಳಾಗಿ ಬಿಚ್ಚಿಕೊಳ್ಳುತ್ತದೆ. ಮೀನು ಬೆಂದಿತೆನ್ನುವುದಕ್ಕೆ ಅದೇ ಗುರುತು.

ಅದೇ ಹೊತ್ತಿನಲ್ಲಿ ಇನ್ನೊಂದು ಕೆಲಸವೂ ನಡೆಯುತ್ತಿರುತ್ತದೆ. ಮಾಂಸದ ನಾರುಗಳಲ್ಲಿರುವ ಪ್ರೋಟೀನು ಸುಮಾರು 40 ಡಿಗ್ರಿ ದಾಟಿದೊಡನೆ ಹೆಪ್ಪುಗಟ್ಟುತ್ತ, ಕುಗ್ಗುತ್ತ, ತನ್ನೊಳಗಿನ ನೀರನ್ನು ಹೊರಗೆ ಹಿಂಡುತ್ತದೆ. 50ರ ಆಸುಪಾಸಿನಲ್ಲಿ ಮೀನು ರಸಭರಿತವಾಗಿರುತ್ತದೆ. 60 ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಒಣಗುತ್ತ ಹೋಗುತ್ತದೆ. ಓವನ್ನಿನ ಒಳಗೆ 200 ಡಿಗ್ರಿಯ ಬಿಸಿಗಾಳಿ ಸುತ್ತುತ್ತಿರುವಾಗ ಈ ಹತ್ತು ಡಿಗ್ರಿಗಳ ಅಂತರ ದಾಟುವುದಕ್ಕೆ ಎರಡು ಮೂರು ನಿಮಿಷ ಸಾಕು. ಫೋನು ಬಂತೆಂದು ಅತ್ತ ಹೋದರೆ ಕೈಗೆ ಬಂದ ತುತ್ತು ಬಾಯಿಗೆ ಬಾರದು.

ಪಕ್ಕದಲ್ಲಿ ಕಾಣಿಸಿಕೊಳ್ಳುವ ಬಿಳಿಯ ಗಡ್ಡೆಯ ಗುಟ್ಟೂ ಇದೇ. ನಾರುಗಳು ಕುಗ್ಗಿ ಹಿಂಡಿದ ರಸದಲ್ಲಿ ಕರಗಿದ್ದ ಪ್ರೋಟೀನು ಹೊರಗೆ ಬಂದು ಬಿಸಿಗೆ ಹೆಪ್ಪುಗಟ್ಟಿದ್ದು ಅದು. ಪಾಶ್ಚಾತ್ಯರು ಅದನ್ನು ಆಲ್ಬುಮಿನ್ ಎನ್ನುತ್ತಾರೆ. ತಿಂದರೆ ತೊಂದರೆಯೇನಿಲ್ಲ, ನೋಟ ಮಾತ್ರ ಕೆಡುತ್ತದೆ. ಸ್ವಲ್ಪ ಬಂದರೆ ಸಹಜ, ರಾಶಿ ಬಂದರೆ ಬೆಂಕಿ ಹೆಚ್ಚಾಯಿತೆಂದು ತಿಳಿಯಬೇಕು. ಬೇಯಿಸುವ ಮುನ್ನ ಹತ್ತು ನಿಮಿಷ ಉಪ್ಪುನೀರಿನಲ್ಲಿ ಮುಳುಗಿಸಿಟ್ಟರೆ ಮೇಲ್ಪದರದ ಪ್ರೋಟೀನು ಸ್ವಲ್ಪ ಕರಗಿ, ಬೇಯುವಾಗ ಅಷ್ಟಾಗಿ ಕುಗ್ಗುವುದಿಲ್ಲ. ಗಡ್ಡೆಯೂ ಕಡಿಮೆ, ಉಪ್ಪೂ ಹದವಾಗಿ ಹಿಡಿಯುತ್ತದೆ.

ಹೊಳಪಿನ ಗುಟ್ಟು

ಮೀನಿಗೆ ಸಿಹಿಯೇ ಎಂದು ಮೂಗು ಮುರಿಯುವವರುಂಟು. ಆದರೆ ಸಾಲ್ಮನ್ ತಿನ್ನುವ ನಾಡುಗಳಲ್ಲಿ ಈ ಜೋಡಿ ಹೊಸದಲ್ಲ. ಜಪಾನಿನ 'ತೆರಿಯಾಕಿ' ಎಂಬ ಹೆಸರಿನಲ್ಲೇ ಗುಟ್ಟಿದೆ: 'ತೆರಿ' ಎಂದರೆ ಹೊಳಪು, 'ಯಾಕಿ' ಎಂದರೆ ಸುಟ್ಟದ್ದು. ಸೋಯಾ ಸಾಸ್, ಸಕ್ಕರೆ, ಅಕ್ಕಿಯಿಂದ ತೆಗೆದ ಸಿಹಿ ಮದ್ಯ ಇವುಗಳನ್ನು ಕುದಿಸಿ ಇಳಿಸಿ ಮೀನಿಗೆ ಮತ್ತೆ ಮತ್ತೆ ಸವರುತ್ತಾರೆ. ಪೆಸಿಫಿಕ್ ದಡದ ಮೂಲನಿವಾಸಿಗಳು ಸೀಡರ್ ಮರದ ಕೋಲುಗಳಿಗೆ ಸಾಲ್ಮನ್ ಸಿಕ್ಕಿಸಿ ಕೆಂಡದ ಮಗ್ಗುಲಲ್ಲಿ ನಿಲ್ಲಿಸಿ ಸುಡುವವರು. ಆ ದಡದಲ್ಲಿ ಸಿಹಿ ಹಚ್ಚಿ ಹೊಗೆಯಲ್ಲಿ ಒಣಗಿಸಿದ ಸಾಲ್ಮನ್ ತುಂಡುಗಳಿಗೆ ಮಿಠಾಯಿಯ ಹೆಸರೇ ಇದೆ. ಪೂರ್ವ ಕೆನಡಾದ ಮನೆಗಳಲ್ಲಿ ಮೇಪಲ್ ಮರದ ರಸದ ಪಾಕ ಬಳಸುತ್ತಾರೆ. ಸುಮಾರು 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಪಾಕ ಸಿಗುತ್ತದೆಯಾದ್ದರಿಂದ ಅದನ್ನು ಚಮಚದಲ್ಲಿ ಅಳೆದೇ ಬಳಸುತ್ತಾರೆ. ಜೇನಿಗೆ ಸಾಸಿವೆಯ ಪೇಸ್ಟು ಬೆರೆಸುವುದು ಇನ್ನೊಂದು ಪದ್ಧತಿ.

ಇವುಗಳಲ್ಲೆಲ್ಲ ಸಮಾನವಾದದ್ದು ಮೂರು: ಸಿಹಿ, ಉಪ್ಪು, ಹುಳಿ ಅಥವಾ ಖಾರದ ಚುರುಕು. ಸಿಹಿ ಹೊಳಪು ಕೊಡುತ್ತದೆ, ಉಪ್ಪು ಸಿಹಿಯನ್ನು ಹತೋಟಿಯಲ್ಲಿಡುತ್ತದೆ, ಹುಳಿ ಮೀನಿನ ಕೊಬ್ಬನ್ನು ಕತ್ತರಿಸುತ್ತದೆ. ಬೆಲ್ಲ ಹುಣಿಸೆಹಣ್ಣುಗಳ ಗೊಜ್ಜು ಉಂಡು ಬೆಳೆದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಉತ್ತರ ಕನ್ನಡದ ಜೋನಿ ಬೆಲ್ಲದ ಡಬ್ಬಿ ಮನೆಯಲ್ಲಿದ್ದರೆ ಜೇನಿನ, ಮೇಪಲ್ಲಿನ ಜಾಗದಲ್ಲಿ ಅದು ಸೊಗಸಾಗಿ ನಿಲ್ಲುತ್ತದೆ.

ಇನ್ನು ಪಾಕದ ಹದ. ಹೊಳಪು ಬರಬೇಕಾದರೆ ಮೊದಲು ಅದರ ನೀರು ಹೋಗಬೇಕು. ನೀರಿರುವ ತನಕ ಪಾಕ 100 ಡಿಗ್ರಿಯ ಆಚೀಚೆಯೇ ಉಳಿಯುತ್ತದೆ, ಕಂದುವುದಿಲ್ಲ. ನೀರು ಹೋದ ಮೇಲೆ ಎರಡು ಕೆಲಸಗಳಾಗುತ್ತವೆ. ಒಂದು, ಸಕ್ಕರೆ ತಾನಾಗಿ ಕಂದುವುದು. ಇನ್ನೊಂದು, ಸಕ್ಕರೆಯೂ ಪ್ರೋಟೀನಿನ ಅಂಶವೂ ಕೂಡಿ ಕಂದು ಬಣ್ಣ, ಘಮಲು ಹುಟ್ಟಿಸುವುದು. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮಿಲ್ ಮೈಯಾರ್ ಅವರ ಹೆಸರಿನಲ್ಲೇ ಅದನ್ನು ಗುರುತಿಸುತ್ತಾರೆ. ರೊಟ್ಟಿಯ ಹೊಪ್ಪಳೆಯಿಂದ ಹಿಡಿದು ಹುರಿದ ಕಾಫಿಬೀಜದವರೆಗೆ ಎಲ್ಲದರ ಪರಿಮಳದಲ್ಲೂ ಅದರ ಪಾಲಿದೆ. ಜೇನಿನಲ್ಲಿರುವ ಫ್ರಕ್ಟೋಸ್ ಸಕ್ಕರೆ 110 ಡಿಗ್ರಿಯಲ್ಲೇ ಕಂದತೊಡಗುವುದರಿಂದ ಜೇನಿನ ಪಾಕ ಬೇಗ ಬಣ್ಣ ತಾಳುತ್ತದೆ, ಅಷ್ಟೇ ಬೇಗ ಸೀದೂ ಹೋಗುತ್ತದೆ.

ತೆಳ್ಳಗಿನ ಪಾಕವನ್ನು ಹಸಿ ಮೀನಿನ ಮೇಲೆ ಸುರಿದು ಓವನ್ನಿಗೆ ತಳ್ಳಿದರೆ ಏನಾಗುತ್ತದೆ ಎಂಬುದು ಈಗ ತಿಳಿಯುತ್ತದೆ. ಆ ನೀರೆಲ್ಲ ಆರಿ ಪಾಕ ಅಂಟುವಷ್ಟರಲ್ಲಿ ಮೀನು ಒಣಗಿರುತ್ತದೆ. ಮೀನಿಗೆ ಸರಿಯಾದ ಹೊತ್ತಿಗೆ ಹೊರತೆಗೆದರೆ ಪಾಕ ಇನ್ನೂ ಸಾರಿನಂತಿರುತ್ತದೆ. ದಾರಿ ಒಂದೇ. ಪಾಕವನ್ನು ಒಲೆಯ ಮೇಲೆ ಬೇರೆಯಾಗಿ ಕುದಿಸಿ ಹದಕ್ಕೆ ತಂದಿಟ್ಟುಕೊಳ್ಳಬೇಕು. ಮೀನನ್ನು ಮುಕ್ಕಾಲು ಪಾಲು ಬರಿದಾಗಿಯೇ ಬೇಯಿಸಬೇಕು. ಕೊನೆಯ ಎರಡು ಮೂರು ನಿಮಿಷ ಮಾತ್ರ ಎರಡನ್ನೂ ಕೂಡಿಸಬೇಕು.

ಮಾಡುವ ಬಗೆ

ನಾಲ್ಕು ಮಂದಿಗೆ ಬೇಕಾಗುವ ಸಾಮಗ್ರಿ: ತಲಾ 170 ಗ್ರಾಂ ತೂಗುವ, ಸುಮಾರು 2.5 ಸೆಂ.ಮೀ. ದಪ್ಪದ ಸಾಲ್ಮನ್ ತುಂಡು 4. ಉಪ್ಪು 60 ಗ್ರಾಂ ಮತ್ತು ತಣ್ಣೀರು 1 ಲೀಟರ್ (ನೆನೆಸಲು). ಸೋಯಾ ಸಾಸ್ 3 ದೊಡ್ಡ ಚಮಚ. ಜೇನು ಅಥವಾ ಜೋನಿ ಬೆಲ್ಲ 3 ದೊಡ್ಡ ಚಮಚ. ನೀರು 3 ದೊಡ್ಡ ಚಮಚ. ತುರಿದ ಶುಂಠಿ 1 ಚಿಕ್ಕ ಚಮಚ. ಜಜ್ಜಿದ ಬೆಳ್ಳುಳ್ಳಿ 2 ಎಸಳು. ಕುಟ್ಟಿದ ಕಾಳುಮೆಣಸು ಅರ್ಧ ಚಿಕ್ಕ ಚಮಚ. ನಿಂಬೆರಸ 1 ದೊಡ್ಡ ಚಮಚ. ಎಣ್ಣೆ 1 ದೊಡ್ಡ ಚಮಚ. ಹುರಿದ ಎಳ್ಳು ಸ್ವಲ್ಪ.

ಮೊದಲ ಕೆಲಸ ಓವನ್ ಹೊತ್ತಿಸುವುದು. 200 ಡಿಗ್ರಿ ಸೆಲ್ಸಿಯಸ್, ಅಮೆರಿಕದ ಓವನ್ನಾದರೆ 400 ಡಿಗ್ರಿ ಫ್ಯಾರನ್‌ಹೀಟ್. ಅದು ಚೆನ್ನಾಗಿ ಕಾಯಲು 15 ನಿಮಿಷವಾದರೂ ಬೇಕು. ಆ ಹೊತ್ತಿನಲ್ಲಿ ಉಪ್ಪನ್ನು ನೀರಿನಲ್ಲಿ ಕರಗಿಸಿ ಮೀನಿನ ತುಂಡುಗಳನ್ನು 10 ನಿಮಿಷ ಮುಳುಗಿಸಿಡಬೇಕು. ಹೊರತೆಗೆದು ಬಟ್ಟೆಯಿಂದಲೋ ಕಾಗದದಿಂದಲೋ ಒತ್ತಿ ಒತ್ತಿ ತೇವ ತೆಗೆಯಬೇಕು. ಈ ಒರೆಸುವ ಕೆಲಸದಲ್ಲಿ ಸೋಮಾರಿತನ ಸಲ್ಲದು. ಒದ್ದೆ ಮೀನಿಗೆ ಪಾಕ ಹಿಡಿಯುವುದಿಲ್ಲ, ಜಾರಿ ತಟ್ಟೆ ಸೇರುತ್ತದೆ.

ಇನ್ನೊಂದು ಒಲೆಯಲ್ಲಿ ಸಣ್ಣ ಪಾತ್ರೆಯಿಟ್ಟು ಸೋಯಾ ಸಾಸ್, ಸಿಹಿ, ನೀರು, ಶುಂಠಿ, ಬೆಳ್ಳುಳ್ಳಿ, ಮೆಣಸು ಹಾಕಿ ಕುದಿಸಬೇಕು. ಗುಳ್ಳೆಗಳು ಮೊದಲು ದೊಡ್ಡದಾಗಿ ಚದುರಿ ಏಳುತ್ತವೆ. ನೀರು ಕಡಿಮೆಯಾದಂತೆ ಸಣ್ಣದಾಗಿ ಒತ್ತೊತ್ತಾಗಿ ಬರುತ್ತವೆ. ಚಮಚ ಅದ್ದಿ ತೆಗೆದಾಗ ಅದರ ಬೆನ್ನಿಗೆ ತೆಳುವಾದ ಪೊರೆ ಅಂಟಿ ನಿಲ್ಲಬೇಕು, ಬೆರಳಿನಿಂದ ಗೆರೆ ಎಳೆದರೆ ಗೆರೆ ಮುಚ್ಚಿಕೊಳ್ಳಬಾರದು. ಒಂದೆಳೆ ಪಾಕದವರೆಗೆ ಹೋಗಬೇಕಾಗಿಲ್ಲ, ಅದಕ್ಕಿಂತ ಒಂದು ಹೆಜ್ಜೆ ಹಿಂದೆ ನಿಲ್ಲಬೇಕು. ತಣಿದಾಗ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಇಳಿಸಿದ ಮೇಲೆ ನಿಂಬೆರಸ ಬೆರೆಸಬೇಕು. ಕುದಿಯುವಾಗಲೇ ಹಿಂಡಿದರೆ ಅದರ ಘಮ ಹಾರಿಹೋಗುತ್ತದೆ. ಸೋಯಾ ಸಾಸಿನಲ್ಲೇ ಉಪ್ಪಿರುವುದರಿಂದ ಬೇರೆ ಉಪ್ಪು ಹಾಕಲೇಬಾರದು.

ತಟ್ಟೆಗೆ ಅಲ್ಯುಮಿನಿಯಂ ಹಾಳೆ ಹಾಸಿ ಎಣ್ಣೆ ಸವರಿ, ಚರ್ಮ ಕೆಳಗಾಗಿ ತುಂಡುಗಳನ್ನು ಒಂದಕ್ಕೊಂದು ತಾಗದಂತೆ ಇಡಬೇಕು. ಚರ್ಮ ಮತ್ತು ಅದರಡಿಯ ಕೊಬ್ಬು ಕೆಳಗಿನ ಕಾವಿಗೆ ಗುರಾಣಿಯಾಗುತ್ತದೆ. ಮೇಲೆಯೂ ತುಸು ಎಣ್ಣೆ ಸವರಿ ಓವನ್ನಿನೊಳಗೆ 7-8 ನಿಮಿಷ ಇಡಬೇಕು. ಬಳಿಕ ತಟ್ಟೆ ಹೊರತೆಗೆದು ಪಾಕವನ್ನು ಬ್ರಶ್ಶಿನಿಂದ ದಪ್ಪವಾಗಿ ಸವರಿ, ಈ ಸಲ ಮೇಲಿನ ಕಾವು ಮಾತ್ರ ಉರಿಯುವಂತೆ ಮಾಡಬೇಕು. ಅಮೆರಿಕದವರು ಇದನ್ನು 'ಬ್ರಾಯ್ಲರ್' ಎಂದರೆ ಭಾರತದ, ಬ್ರಿಟನ್ನಿನ ಓವನ್ನುಗಳಲ್ಲಿ 'ಗ್ರಿಲ್' ಎಂದಿರುತ್ತದೆ. ಕಾವಿಗೂ ಮೀನಿಗೂ ಒಂದು ಗೇಣಿನಷ್ಟಾದರೂ ಅಂತರವಿರಲಿ. 2-3 ನಿಮಿಷದಲ್ಲಿ ಪಾಕ ಗುಳ್ಳೆಗಟ್ಟಿ, ಅಂಚುಗಳಲ್ಲಿ ಅಲ್ಲಲ್ಲಿ ಕಂದುತ್ತದೆ. ಆ ಮೂರು ನಿಮಿಷ ಓವನ್ನಿನ ಎದುರಿನಿಂದ ಕದಲಕೂಡದು. ಹೊರತೆಗೆದು ಇನ್ನೊಂದು ಸಲ ಪಾಕ ಸವರಿ, ಎಳ್ಳು ಉದುರಿಸಿ, 3-4 ನಿಮಿಷ ಸುಮ್ಮನೆ ಬಿಡಬೇಕು. ಹೊರಗಿನ ಕಾವು ಒಳಗೆ ಸಾಗಿ ಉಳಿದ ಬೇಯುವಿಕೆ ಆಗ ತಾನಾಗಿ ಮುಗಿಯುತ್ತದೆ.

ಹೊತ್ತಿನ ಬಗ್ಗೆ ಒಂದು ಹಳೆಯ ಸೂತ್ರವಿದೆ. ಮೀನಿನ ದಪ್ಪದ ಒಂದೊಂದು ಅಂಗುಲಕ್ಕೂ 10 ನಿಮಿಷ ಎಂಬುದು ಅದು. ಕೆನಡಾದ ಮೀನುಗಾರಿಕೆ ಇಲಾಖೆ ಹೇಳಿದ ಈ ಲೆಕ್ಕವನ್ನು ಅಮೆರಿಕದ ಹೆಸರಾಂತ ಪಾಕತಜ್ಞ ಜೇಮ್ಸ್ ಬಿಯರ್ಡ್ ಮನೆಮನೆಗೆ ಮುಟ್ಟಿಸಿದರು. ಅದರ ಹಿರಿಮೆಯೆಂದರೆ ಅದು ತೂಕವನ್ನು ಬಿಟ್ಟು ದಪ್ಪವನ್ನು ಅಳೆಯಲು ಕಲಿಸಿತು. ಒಂದು ಕಿಲೋ ತೂಗುವ ಉದ್ದನೆಯ ತುಂಡಾದರೂ ದಪ್ಪ ಒಂದೇ ಅಂಗುಲವಾದರೆ ಹೊತ್ತು ಅಷ್ಟೇ. ಆದರೆ ಒಂದೊಂದು ಮನೆಯ ಓವನ್ನಿನ ಬಿಸಿ ಒಂದೊಂದು ಥರ. ಸೂತ್ರದ ಮೇಲೆ ಪೂರ್ತಿ ಭಾರ ಹಾಕದೆ, 10 ನಿಮಿಷಕ್ಕೆ ಮೊದಲೇ ದಪ್ಪಭಾಗದಲ್ಲಿ ಚಾಕುವಿನ ತುದಿಯಿಂದ ಎಸಳು ಬಿಡಿಸಿ ನೋಡುವುದು ಜಾಣತನ.

'ಒಳಗೆ ಇನ್ನೂ ಹಸಿ ಉಂಟಲ್ಲ!'

ಎಸಳು ಬಿಡಿಸಿ ನೋಡಿದಾಗ ಏನು ಕಾಣಬೇಕು ಎಂಬಲ್ಲಿ ಅನೇಕ ಮನೆಗಳಲ್ಲಿ ಜಗಳ ಹುಟ್ಟುತ್ತದೆ. ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ಊರಿನಿಂದ ಹೋದ ತಾಯಂದಿರು ತಟ್ಟೆಯ ಮೀನಿನ ನಡುವೆ ಕೇಸರಿ ಬಣ್ಣದ ಮೆತ್ತನೆಯ ಮಾಂಸ ಕಂಡೊಡನೆ 'ಒಳಗೆ ಇನ್ನೂ ಹಸಿ ಉಂಟಲ್ಲ ಮಗಳೇ' ಎಂದು ತಟ್ಟೆ ಸರಿಸುತ್ತಾರೆ. 'ಇಲ್ಲಿ ಎಲ್ಲರೂ ಹೀಗೇ ತಿನ್ನುವುದಮ್ಮ' ಎಂದು ಮಗಳು. ಕೊನೆಗೆ ಎಲ್ಲರ ತುಂಡೂ ಮತ್ತೆ ಓವನ್ ಸೇರಿ ಒಣಕಲಾಗಿ ಹೊರಬರುತ್ತದೆ. ಯಾರಿಗೂ ರುಚಿಯಿಲ್ಲ.

ತಾಯಿಯ ಮಾತನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವಂತಿಲ್ಲ. ಸೆಕೆಯ ನಾಡಿನಲ್ಲಿ, ಮಂಜುಗಡ್ಡೆ ಸುಲಭವಲ್ಲದ ಕಾಲದಲ್ಲಿ, ಮೀನನ್ನು ಪೂರ್ತಿ ಬೇಯಿಸುವುದೇ ಜೀವ ಕಾಯುವ ವಿವೇಕವಾಗಿತ್ತು. ಅಮೆರಿಕದ ಸರಕಾರಿ ಸಲಹೆಯೂ ಅವರ ಪರವಾಗಿಯೇ ಇದೆ: ಮೀನಿನ ಒಳಭಾಗ 63 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಹೋಟೆಲುಗಳ ಬಾಣಸಿಗರು 50-52ಕ್ಕೇ ನಿಲ್ಲಿಸುವುದು ರುಚಿಯ ಲೆಕ್ಕ, ಸುರಕ್ಷತೆಯ ಲೆಕ್ಕವಲ್ಲ. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ಕಾಯಿಲೆಯಿಂದ ಶಕ್ತಿಗುಂದಿದವರು ಇರುವ ಮನೆಯಲ್ಲಿ 63ರ ಮಾತೇ ಕೊನೆಯ ಮಾತು. ಮನೆಯಲ್ಲಿ ಬಾಣಂತಿಯೋ ಬಸುರಿಯೋ ಇರುವಾಗ ತಾಯಿ ಹಟ ಹಿಡಿದರೆ ಅದು ಹಟವಲ್ಲ.

ಮಗಳ ಮಾತಿನಲ್ಲೂ ಅರ್ಧ ನಿಜವಿದೆ. 63ಕ್ಕೆ ತಂದ ಸಾಲ್ಮನ್ ಒಣಗಲೇಬೇಕೆಂದಿಲ್ಲ. ಒಣಗುವುದು 63 ದಾಟಿ 75ಕ್ಕೋ 80ಕ್ಕೋ ಹೋದಾಗ. ಮೀನಿನ ನಡುವಿಗೆ ಚುಚ್ಚುವ ಸಣ್ಣ ಥರ್ಮಾಮೀಟರೊಂದು ಮನೆಯಲ್ಲಿದ್ದರೆ ಈ ಜಗಳ ಅಲ್ಲಿಗೇ ಮುಗಿಯುತ್ತದೆ. 60-61 ತೋರಿಸಿದಾಗ ಹೊರತೆಗೆದು ಸುಮ್ಮನಿರಿಸಿ, ಮುಳ್ಳು 63 ಮುಟ್ಟಿದ್ದನ್ನು ಕಣ್ಣಾರೆ ನೋಡಿಕೊಂಡು ಬಡಿಸಬಹುದು. ಮುಟ್ಟದಿದ್ದರೆ ಒಂದು ನಿಮಿಷ ಮತ್ತೆ ಒಳಗಿಡಬಹುದು. ಕೊಬ್ಬಿನ ಮೀನಾದರೆ ಆ ಹಂತದಲ್ಲಿ ಬಣ್ಣ ತಿಳಿಗುಲಾಬಿಗೆ ತಿರುಗಿ, ಎಸಳು ಸಲೀಸಾಗಿ ಬಿಡಿಸಿಕೊಂಡು, ತೇವವೂ ಉಳಿದಿರುತ್ತದೆ.

ಇನ್ನೊಂದು ಉಪಾಯವನ್ನು ಮೀನೇ ಒದಗಿಸುತ್ತದೆ. ಬಾಲದ ಕಡೆಯ ತುಂಡು ತೆಳು, ನಡುವಿನ ತುಂಡು ದಪ್ಪ. ಒಂದೇ ತಟ್ಟೆಯಲ್ಲಿ, ಒಂದೇ ಹೊತ್ತಿನಲ್ಲಿ ತೆಳುವಾದದ್ದು ಪೂರ್ತಿ ಬೆಂದಿರುತ್ತದೆ, ದಪ್ಪನೆಯದು ನಡುವೆ ಮೆತ್ತಗಿರುತ್ತದೆ. ಬಾಲದ ತುಂಡು ತಾಯಿಗೆ, ನಡುವಿನದು ಗಟ್ಟಿಮುಟ್ಟಾದವರಿಗೆ. ಎಲ್ಲರಿಗೂ ಒಂದೇ ಪಾಕ, ಒಂದೇ ಹೊಳಪು.

ಊರಿನ ಓವನ್ನಿನಲ್ಲಿ

ಬೆಂಗಳೂರು, ಮಂಗಳೂರಿನಂಥ ಊರುಗಳ ದೊಡ್ಡ ಅಂಗಡಿಗಳಲ್ಲಿ ನಾರ್ವೆಯ ಸಾಲ್ಮನ್ ಮಂಜುಗಟ್ಟಿಸಿ ಬರುತ್ತದೆ. ಅದನ್ನು ಬಿಸಿನೀರಿಗೆ ಹಾಕಿ ಅವಸರದಲ್ಲಿ ಕರಗಿಸಬಾರದು. ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅಂಕಣಕ್ಕೆ ಇಳಿಸಿಡಬೇಕು. ಗಾಳಿ ತೆಗೆದು ಬಿಗಿದ ಪ್ಲಾಸ್ಟಿಕ್ ಚೀಲದಲ್ಲಿದ್ದರೆ ಕರಗಿಸುವ ಮುನ್ನ ಚೀಲವನ್ನು ಕತ್ತರಿಸಿ ತೆರೆಯುವುದು ಅಗತ್ಯ. ಗಾಳಿಯಿಲ್ಲದ ಕಡೆ ಬೆಳೆಯುವ ಅಪಾಯಕಾರಿ ಸೂಕ್ಷ್ಮಜೀವಿಗಳಿಗೆ ಆಗ ಅವಕಾಶ ತಪ್ಪುತ್ತದೆ.

ಎಷ್ಟೋ ಮನೆಗಳಲ್ಲಿ ಓವನ್ನೆಂದರೆ ಬಾಣಲೆ, ಕಾವಲಿಗಳನ್ನು ತುಂಬಿಡುವ ಕಪಾಟು. ಅವನ್ನು ಖಾಲಿ ಮಾಡಿದರೆ ಮೇಲೆ ಕೆಳಗೆ ಕಾವಿನ ಸರಳುಗಳಿರುವ ಸಾಮಾನ್ಯ ವಿದ್ಯುತ್ ಓವನ್ ಈ ಅಡುಗೆಗೆ ಧಾರಾಳವಾಗಿ ಸಾಕು. ಒಳಗಿನ ಜಾಗ ಸಣ್ಣದಾದ್ದರಿಂದ ಮೇಲಿನ ಸರಳು ಮೀನಿಗೆ ಹತ್ತಿರವಿರುತ್ತದೆ. ತಟ್ಟೆಯನ್ನು ಕೆಳಗಿನ ಹಂತದಲ್ಲಿಡಬೇಕು. ಬರೇ ಮೈಕ್ರೋವೇವ್ ಒಲೆಯಲ್ಲಿ ಮಾತ್ರ ಇದು ಆಗದು. ಅದು ಮೀನನ್ನು ಬೇಯಿಸುತ್ತದೆ, ಪಾಕವನ್ನು ಕಂದಿಸುವುದಿಲ್ಲ.

ಮುಂಬಯಿ, ಕಾರವಾರದ ಕಡೆ ರಾವಸ್ ಎಂಬ ಮೀನನ್ನು 'ಇಂಡಿಯನ್ ಸಾಲ್ಮನ್' ಎಂದು ಕರೆಯುವ ರೂಢಿಯಿದೆ. ಸಾಲ್ಮನ್ನಿಗೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಅದರ ಮಾಂಸ ಬಿಳಿ, ಕೊಬ್ಬು ಕಡಿಮೆ. ಆದರೂ ದಪ್ಪ ತುಂಡು ಸಿಗುವುದರಿಂದ ಇದೇ ಪಾಕಕ್ಕೆ ಒಗ್ಗುತ್ತದೆ. ಎಣ್ಣೆ ಸ್ವಲ್ಪ ಹೆಚ್ಚು ಸವರಿ, ಬೆಂದಿದೆಯೇ ಎಂದು ಒಂದು ನಿಮಿಷ ಮೊದಲೇ ನೋಡತೊಡಗಿದರೆ ಸರಿ. ದೂರದ ನಾರ್ವೆಯಿಂದ ಬಂದ ಮೀನೇ ಬೇಕೆಂದು ಹಟ ಹಿಡಿಯದವರಿಗೆ ಇದು ಒಳ್ಳೆಯ ದಾರಿ.

ಹಟ ಬಿಡುವುದಕ್ಕೆ ಬೇರೆ ಕಾರಣವೂ ಇದೆ. ಸಾಕಿದ ಸಾಲ್ಮನ್ನಿನ ಮೇವಿಗೆಂದು ಸಮುದ್ರದಿಂದ ಬೇರೆ ಸಣ್ಣ ಮೀನುಗಳನ್ನು ಹಿಡಿದು ಹಿಟ್ಟು, ಎಣ್ಣೆ ಮಾಡುತ್ತಾರೆ. ಪಂಜರಗಳಲ್ಲಿ ಹೆಚ್ಚುವ ಕಡಲಹೇನು ಹೊರಗಿನ ಕಾಡುಮೀನುಗಳಿಗೂ ತಗಲುತ್ತದೆ. ಹೊಳೆಗಳಿಗೆ ಅಣೆಕಟ್ಟು, ನೀರಿಗೆ ಬಿಸಿ, ಕೊಳೆ ಸೇರಿ ಕಾಡಿನ ಅಟ್ಲಾಂಟಿಕ್ ಸಾಲ್ಮನ್ ಇಳಿಮುಖವಾಗಿದೆ. 2023ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಅದನ್ನು ಅಪಾಯದ ಅಂಚಿಗೆ ಸರಿದ ಜೀವಿಗಳ ಪಟ್ಟಿಗೆ ಸೇರಿಸಿತು. ತಿನ್ನಲೇಬಾರದೆಂದು ಇದರ ಅರ್ಥವಲ್ಲ. ಇಷ್ಟೆಲ್ಲ ಖರ್ಚಿನ ಮೇಲೆ ತಟ್ಟೆಗೆ ಬಂದ ಮೀನನ್ನು ಅಜಾಗರೂಕತೆಯಿಂದ ಒಣಗಿಸಿ ಕಸದ ಬುಟ್ಟಿಗೆ ಸುರಿಯಬಾರದೆಂದು ಮಾತ್ರ.

ಒಂದು ತುಂಡು ಉಳಿದರೆ ಮರುದಿನ ಅದನ್ನು ಮತ್ತೆ ಬಿಸಿಮಾಡುವ ಗೋಜಿಗೆ ಹೋಗಬಾರದು. ಮತ್ತೆ ಕಾಯಿಸಿದ ಸಾಲ್ಮನ್ ವಾಸನೆ ಹೊಡೆಯುತ್ತದೆ, ಒಣಗುತ್ತದೆ. ಬೇಯಿಸಿದ ದಿನವೇ ಫ್ರಿಜ್ಜಿಗೆ ಸೇರಿಸಿ, ಮರುದಿನ ತಣ್ಣಗಿರುವಂತೆಯೇ ಎಸಳು ಬಿಡಿಸಿ, ಸಣ್ಣಗೆ ಹೆಚ್ಚಿದ ಸೌತೆಕಾಯಿ, ಈರುಳ್ಳಿ, ಹಸಿಮೆಣಸು, ನಿಂಬೆರಸದೊಂದಿಗೆ ಕಲಸಿದರೆ ಬಿಸಿ ಅನ್ನಕ್ಕೆ ಒಳ್ಳೆಯ ಜೊತೆ. ಇನ್ನು ಅತಿಥಿಗಳನ್ನು ಊಟಕ್ಕೆ ಕರೆದ ದಿನ ಪಾಕವನ್ನು ಬೆಳಿಗ್ಗೆಯೇ ಮಾಡಿಟ್ಟುಕೊಳ್ಳಬಹುದು, ಅನ್ನ ಪಲ್ಯಗಳನ್ನೂ ಮುಗಿಸಿಡಬಹುದು. ಮೀನನ್ನು ಓವನ್ನಿನೊಳಗೆ ಇಡುವುದು ಮಾತ್ರ ಎಲ್ಲರೂ ಕೈ ತೊಳೆದು ಬಂದು ಕುಳಿತ ಮೇಲೆಯೇ. ಹನ್ನೆರಡು ನಿಮಿಷ ಮಾತನಾಡುತ್ತ ಕಾಯುವುದು ಅತಿಥಿಗಳಿಗೆ ಕಷ್ಟವಲ್ಲ, ಆದರೆ ಬೆಂದ ಮೀನು ಯಾರಿಗಾಗಿಯೂ ಕಾಯುವುದಿಲ್ಲ.